ಮಗು ಏನೋ ನುಂಗಿಬಿಟ್ಟಿದೆ: ಮನೆಯೊಳಗಿನ ವಿಷದ ಅಪಾಯ ತಡೆಯುವುದು ಹೇಗೆ, ನುಂಗಿದಾಗ ಮಾಡಬೇಕಾದ್ದೇನು

"ಮಗು ಸೀಮೆಎಣ್ಣೆ ಕುಡಿದುಬಿಟ್ಟಿದೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸೀಮೆಎಣ್ಣೆಯ ಜಾಗದಲ್ಲಿ ಒಮ್ಮೆ ಫಿನಾಯಿಲ್, ಒಮ್ಮೆ ಅಜ್ಜಿಯ ಶುಗರ್ ಮಾತ್ರೆ, ಇನ್ನೊಮ್ಮೆ ನುಸಿಗುಳಿಗೆ ಇರುತ್ತದೆ. ಉತ್ತರ ಮಾತ್ರ ಒಂದೇ: ವಾಂತಿ ಮಾಡಿಸಬೇಡಿ. ಉಪ್ಪುನೀರಂತೂ ಬೇಡವೇ ಬೇಡ. ಈಗಲೇ ಅಂಥ ಪರಿಸ್ಥಿತಿ ಎದುರಿಗಿದ್ದರೆ ಮಿಕ್ಕಿದ್ದನ್ನು ಬಿಟ್ಟು ನೇರವಾಗಿ 8ನೇ ಹಂತಕ್ಕೆ ಹೋಗಿ.

ಪುರುಸೊತ್ತಿದ್ದರೆ ಮೊದಲಿನಿಂದ ಓದಿ. ಒಂದರಿಂದ ನಾಲ್ಕು ವರ್ಷದ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ. "ಅದು ಛೀ, ಮುಟ್ಟಬೇಡ" ಎಂದು ಹೇಳಿಕೊಟ್ಟರೆ ಸಾಲದು. ಇಂಥ ಅವಘಡಗಳ ಕಾರಣ ಹುಡುಕುತ್ತ ಹೋದರೆ ಪದೇಪದೇ ಸಿಗುವುದು ಒಂದೇ ಸಂಗತಿ. ಅಪಾಯದ ವಸ್ತು ತನ್ನ ಡಬ್ಬಿ ಬಿಟ್ಟು ತಿನ್ನುವ ಕುಡಿಯುವ ಡಬ್ಬಿಗೆ ಬಂದಿರುತ್ತದೆ, ಅಥವಾ ತನ್ನ ಜಾಗ ಬಿಟ್ಟು ಕೈಗೆಟುಕುವ ಜಾಗಕ್ಕೆ ಬಂದಿರುತ್ತದೆ. ಹಾಗಾಗಿ ಮನೆಯಲ್ಲಿ ಮಾಡಬೇಕಾದ ಕೆಲಸದಲ್ಲಿ ಹೆಚ್ಚಿನದು ಡಬ್ಬಿ ಮತ್ತು ಜಾಗ ಸರಿಪಡಿಸುವುದೇ.

ಬೇಕಾಗುವುದು ಇಷ್ಟು: ಬೀಗ ಹಾಕಬಹುದಾದ ಒಂದು ಪೆಟ್ಟಿಗೆ ಅಥವಾ ಕಪಾಟು, ಮೇಲಿನಿಂದ ಹಾಕುವ ಒಂದೆರಡು ಚಿಲಕ, ಅಳಿಸದ ಇಂಕಿನ ಮಾರ್ಕರ್, ಮಾತ್ರೆಗಳಿಗೆ ಭದ್ರವಾದ ಮುಚ್ಚಳದ ಡಬ್ಬ, ಮತ್ತು ಒಂದು ಭಾನುವಾರದ ಬೆಳಗ್ಗೆ.

1. ನಂಬರುಗಳನ್ನು ಬಾಗಿಲಿಗೆ ಅಂಟಿಸಿ

ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ದಿನದ 24 ಗಂಟೆಯೂ ಇದೆ. ಯಾವ ವಸ್ತು, ಎಷ್ಟು, ಎಷ್ಟು ಹೊತ್ತಾಯಿತು ಎಂದು ಹೇಳಿದರೆ ಮುಂದೇನು ಮಾಡಬೇಕೆಂದು ತಿಳಿಸುತ್ತಾರೆ. ನಿಮ್ಮ ಊರಿನ ವೈದ್ಯರೂ ಇದೇ ಸಂಖ್ಯೆಗೆ ಕರೆ ಮಾಡಿ ಚಿಕಿತ್ಸೆಯ ವಿವರ ಕೇಳಬಹುದು. ಆಂಬುಲೆನ್ಸ್‌ಗೆ 108, ಯಾವುದೇ ತುರ್ತಿಗೆ 112, ಅಡುಗೆ ಗ್ಯಾಸ್ ಸೋರಿಕೆಗೆ 1906. ಇವುಗಳ ಜೊತೆಗೆ ರಾತ್ರಿಯೂ ತೆರೆದಿರುವ ಹತ್ತಿರದ ಆಸ್ಪತ್ರೆಯ ಹೆಸರು ಮತ್ತು ನಿಮ್ಮ ಮಗುವಿನ ತೂಕ ಬರೆದಿಡಿ. ಔಷಧದ ಅಪಾಯ ಲೆಕ್ಕ ಹಾಕುವುದು ತೂಕದ ಮೇಲೆ. ಗಾಬರಿಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ.

ಫೋನಿನಲ್ಲಿ ಸೇವ್ ಮಾಡಿದರೆ ಸಾಕಾಗದು. ಮಗುವನ್ನು ನೋಡಿಕೊಳ್ಳುವ ಅಜ್ಜಿಗೂ ಕೆಲಸದವರಿಗೂ ಕಾಣಬೇಕಾದರೆ ಅದು ಅಡುಗೆಮನೆ ಬಾಗಿಲ ಮೇಲೆಯೇ ಇರಬೇಕು.

2. ನೀರಿನ ಬಾಟಲಿಯಲ್ಲಿ ನೀರಷ್ಟೇ ಇರಲಿ

ಮನೆಯ ಎಲ್ಲ ಬಾಟಲಿಗಳನ್ನೂ ಒಂದು ಸುತ್ತು ನೋಡಿ. ಹಳೆಯ ಕೂಲ್‌ಡ್ರಿಂಕ್ಸ್ ಅಥವಾ ಮಿನರಲ್ ವಾಟರ್ ಬಾಟಲಿಯಲ್ಲಿ ಫಿನಾಯಿಲ್, ಆಸಿಡ್, ಸೀಮೆಎಣ್ಣೆ, ಥಿನ್ನರ್, ಟರ್ಪಂಟೈನ್, ಕಳೆ ಕತ್ತರಿಸುವ ಮಷಿನ್ನಿನ ಪೆಟ್ರೋಲ್ ಯಾವುದಿದ್ದರೂ ಅವತ್ತೇ ತೆಗೆಯಿರಿ. ಬಿಡಿಯಾಗಿ ಸಿಗುವ ಫಿನಾಯಿಲನ್ನು ಮಾರುವವರೇ ಇಂಥ ಬಾಟಲಿಗೆ ತುಂಬಿ ಕೊಡುವುದುಂಟು. ಕೊಳ್ಳಬೇಡಿ. ದೊಡ್ಡವರೂ ರಾತ್ರಿ ಬಾಯಾರಿ ಕತ್ತಲಲ್ಲಿ ಇಂಥ ಬಾಟಲಿಯನ್ನೇ ಎತ್ತಿ ಕುಡಿಯುತ್ತಾರೆ.

ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಒಂದು ಗುಂಪು. ಇವು ಹೊಟ್ಟೆಯಲ್ಲಿ ಮಾಡುವ ಹಾನಿಗಿಂತ ಶ್ವಾಸಕೋಶಕ್ಕೆ ಇಳಿದಾಗ ಮಾಡುವ ಹಾನಿ ಬಹಳ ದೊಡ್ಡದು. ನೀರಿಗಿಂತ ತೆಳುವಾಗಿ ಹರಡುವ ಇವು ಕೆಮ್ಮಿದಾಗ, ವಾಂತಿಯಾದಾಗ ಉಸಿರಿನ ನಾಳಕ್ಕೆ ಜಾರುತ್ತವೆ. ಅಲ್ಲಿ ಸ್ವಲ್ಪವೇ ಹೋದರೂ ನ್ಯುಮೋನಿಯಾ ಥರದ ಉರಿಯೂತ ಬರುತ್ತದೆ. ವಾಂತಿ ಮಾಡಿಸಬಾರದು ಎನ್ನುವುದು ಇದಕ್ಕೇ. ಆಸ್ಪತ್ರೆಯಲ್ಲಿ "ಹೊಟ್ಟೆ ತೊಳೆಯಿರಿ" ಎಂದು ಹಟ ಹಿಡಿಯುವ ಮನೆಯವರು ಬಹಳ. ಸೀಮೆಎಣ್ಣೆ ಕುಡಿದ ಮಗುವಿಗೆ ವೈದ್ಯರು ಹೊಟ್ಟೆ ತೊಳೆಯದೆ ಬರೀ ಉಸಿರಾಟ ಗಮನಿಸುತ್ತಿದ್ದರೆ ಅದು ನಿರ್ಲಕ್ಷ್ಯವಲ್ಲ, ಅದೇ ಸರಿಯಾದ ಕ್ರಮ.

ಸೊಳ್ಳೆ ಓಡಿಸುವ ಪ್ಲಗ್ ಮಷಿನ್ನಿನ ರೀಫಿಲ್ ಕೂಡ ಈ ಗುಂಪಿನದೇ. ಅದರಲ್ಲಿರುವ ಸೊಳ್ಳೆನಾಶಕ ಅತ್ಯಲ್ಪ, ಉಳಿದದ್ದೆಲ್ಲ ಸೀಮೆಎಣ್ಣೆ ಜಾತಿಯ ದ್ರಾವಕ. ನೆಲದಿಂದ ಒಂದಡಿ ಎತ್ತರದ ಸ್ವಿಚ್ಚಿನಲ್ಲಿ ಅದನ್ನು ಹಾಕಿದರೆ ಅಂಬೆಗಾಲಿಡುವ ಮಗುವಿನ ಬಾಯಿಗೇ ಸಿಗುತ್ತದೆ.

ಆಸಿಡ್, ಟಾಯ್ಲೆಟ್ ಕ್ಲೀನರ್, ಚರಂಡಿ ಬ್ಲಾಕ್ ತೆಗೆಯುವ ಪುಡಿ ಇನ್ನೊಂದು ಗುಂಪು. ಇವು ಮುಟ್ಟಿದಲ್ಲೆಲ್ಲ ಸುಡುತ್ತವೆ. ವಾಂತಿ ಮಾಡಿಸಿದರೆ ಹೋಗುವಾಗ ಒಮ್ಮೆ ಸುಟ್ಟ ಅನ್ನನಾಳವನ್ನು ಬರುವಾಗ ಮತ್ತೊಮ್ಮೆ ಸುಡುತ್ತವೆ. ಆಸಿಡ್‌ಗೆ ಸೋಡಾಪುಡಿ, ಕಾಸ್ಟಿಕ್‌ಗೆ (ಚರಂಡಿ ಪುಡಿಯಲ್ಲಿರುವ ಕ್ಷಾರ) ನಿಂಬೆರಸ ಕುಡಿಸಿ ಸರಿದೂಗಿಸುವ ಯೋಚನೆಯೂ ಬೇಡ. ಅವು ಸೇರಿದಾಗ ಶಾಖ ಹುಟ್ಟಿ ಗಾಯ ಹೆಚ್ಚುತ್ತದೆ.

ಬಾತ್‌ರೂಮ್ ತೊಳೆಯುವವರಿಗೆ ಒಂದು ಎಚ್ಚರಿಕೆ. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದನ್ನು ಹಾಕಿ ತೊಳೆಯದೆ ಇನ್ನೊಂದನ್ನು ಸುರಿದರೂ ಅಷ್ಟೇ. ಕ್ಲೋರಿನ್ ಅನಿಲ ಎದ್ದು ಗಂಟಲು, ಎದೆ ಹಿಡಿದುಕೊಳ್ಳುತ್ತದೆ. ಕಣ್ಣು ಉರಿದು ಕೆಮ್ಮು ಬಂದ ಕೂಡಲೇ ತೊಳೆಯುವುದನ್ನು ಮುಗಿಸಲು ನಿಲ್ಲದೆ ಹೊರಗೆ ಬನ್ನಿ.

ಕೊನೆಗೆ ಎಲ್ಲ ಮೂಲ ಬಾಟಲಿಗಳನ್ನೂ ಸಿಂಕಿನ ಕೆಳಗಿನಿಂದ ತೆಗೆದು, ದೊಡ್ಡವರ ಭುಜಕ್ಕಿಂತ ಎತ್ತರದ, ಚಿಲಕವಿರುವ ಕಪಾಟಿಗೆ ಸಾಗಿಸಿ. ಎತ್ತರ ಒಂದೇ ಸಾಲದು. ಎರಡು ವರ್ಷದ ಮಗು ಸ್ಟೂಲು ಎಳೆದುಕೊಂಡು ಹತ್ತುತ್ತದೆ.

3. ಮಾತ್ರೆ ಡಬ್ಬ

ಮೊದಲು ಕಬ್ಬಿಣಾಂಶದ ಮಾತ್ರೆ. ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆ ನೋಡಲು ಮಿಠಾಯಿಯಂತಿದೆ, ಬಸುರಿ ಬಾಣಂತಿಯರಿರುವ ಮನೆಯಲ್ಲೇ ಹೆಚ್ಚಾಗಿ ಪುಟ್ಟ ಮಗುವೂ ಇರುತ್ತದೆ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ. 10 ಕಿಲೋ ತೂಕದ ಮಗುವಿಗೆ ನಾಲ್ಕು ಮಾತ್ರೆ ತೊಂದರೆ ಶುರುಮಾಡಲು ಸಾಕು, ಹತ್ತಾದರೆ ಪ್ರಾಣಕ್ಕೇ ಕುತ್ತು. ಇದರ ಮೋಸ ಏನೆಂದರೆ, ಮೊದಲ ಕೆಲವು ಗಂಟೆ ವಾಂತಿ ಭೇದಿಯಾಗಿ, ಆಮೇಲೆ ಮಗು ಚೇತರಿಸಿಕೊಂಡಂತೆ ಆಟವಾಡುತ್ತದೆ. ಮನೆಯವರು "ಎಲ್ಲ ಹೊರಗೆ ಹೋಯಿತು" ಎಂದು ನೆಮ್ಮದಿಯಾಗುತ್ತಾರೆ. ಒಂದು ದಿನ ಕಳೆಯುವಷ್ಟರಲ್ಲಿ ರಕ್ತದೊತ್ತಡ ಕುಸಿದು, ಲಿವರ್ ಕೆಟ್ಟಿರುತ್ತದೆ.

ಶುಗರ್ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥವು ಒಂದೇ ಒಂದು ಸಾಕು, ಚಿಕ್ಕ ಮಗುವಿನ ರಕ್ತದ ಸಕ್ಕರೆ ಪಾತಾಳಕ್ಕಿಳಿಯಲು. ಅದೂ ತಕ್ಷಣವಲ್ಲ, ಹಲವು ಗಂಟೆಗಳ ನಂತರ, ಮಗು ನಿದ್ದೆಯಲ್ಲಿರುವಾಗಲೂ ಆಗಬಹುದು. ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ನೋಡುತ್ತೇವೆ ಎಂದರೆ ಒಪ್ಪಿಕೊಳ್ಳಿ. ಬಿಪಿ, ಹೃದಯ, ಫಿಟ್ಸ್, ನಿದ್ದೆಯ ಮಾತ್ರೆಗಳಿಗೂ ಇದೇ ಎಚ್ಚರ ಬೇಕು.

ಈ ಮಾತ್ರೆಗಳು ಮಗುವಿಗೆ ಸಿಗುವ ಜಾಗಗಳನ್ನು ನೋಡಿ: ದಿಂಬಿನ ಕೆಳಗೆ, ಟಿವಿ ಪಕ್ಕದ ತಟ್ಟೆಯಲ್ಲಿ, ಅಜ್ಜಿಯ ಎಲೆಅಡಿಕೆ ಚೀಲದಲ್ಲಿ, ಊರಿನಿಂದ ಬಂದ ನೆಂಟರ ಬ್ಯಾಗಿನಲ್ಲಿ. ವಾರದ ಏಳು ದಿನಕ್ಕೆ ಏಳು ಗೂಡಿರುವ ಮಾತ್ರೆ ಡಬ್ಬಿ ಹಿರಿಯರಿಗೆ ಅನುಕೂಲ, ಆದರೆ ಸ್ಟ್ರಿಪ್ಪಿನಿಂದ ಬಿಡಿಸಿದ ಮಾತ್ರೆ ಮಗುವಿಗೂ ಅಷ್ಟೇ ಅನುಕೂಲ. ಮಕ್ಕಳಿರುವ ಮನೆಯಲ್ಲಿ ಮಾತ್ರೆ ಸ್ಟ್ರಿಪ್ಪಿನಲ್ಲೇ ಇರಲಿ. ನೆಂಟರು ಬಂದ ಕೂಡಲೇ "ನಿಮ್ಮ ಮಾತ್ರೆ ಚೀಲ ಕೊಡಿ, ಮೇಲಿಡ್ತೀನಿ" ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮಗುವಿಗೆ ಔಷಧ ಕುಡಿಸುವಾಗ "ಚಾಕ್ಲೇಟ್ ಇದು" ಎನ್ನುವ ಅಭ್ಯಾಸವನ್ನೂ ಬಿಡಿ.

ನೀವೇ ಕೈಯಾರೆ ಕೊಡುವ ಔಷಧದಲ್ಲಿ ಆಗುವ ತಪ್ಪು ಇನ್ನೊಂದು. ಜ್ವರದ ಪ್ಯಾರಸಿಟಮಾಲ್ ಮೂರು ಬಗೆಯಲ್ಲಿ ಬರುತ್ತದೆ. ಡ್ರಾಪ್ಸ್‌ನಲ್ಲಿ 1 ಮಿಲಿಗೆ 100 ಮಿಲಿಗ್ರಾಂ, ಸಾಮಾನ್ಯ ಸಿರಪ್‌ನಲ್ಲಿ 5 ಮಿಲಿಗೆ 120 ಅಥವಾ 125, ಗಾಢ ಸಿರಪ್‌ನಲ್ಲಿ 5 ಮಿಲಿಗೆ 250. ವೈದ್ಯರು ಸಾಮಾನ್ಯವಾಗಿ ಹೇಳುವ ಪ್ರಮಾಣ ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ. ಅಂದರೆ 10 ಕಿಲೋ ಮಗುವಿಗೆ 150 ಮಿಲಿಗ್ರಾಂ: ಡ್ರಾಪ್ಸ್ ಆದರೆ ಒಂದೂವರೆ ಮಿಲಿ, 125ರ ಸಿರಪ್ ಆದರೆ 6 ಮಿಲಿ, 250ರದ್ದಾದರೆ 3 ಮಿಲಿ. 125ರ ಸಿರಪ್‌ನ ಲೆಕ್ಕದಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಹೋಗುತ್ತದೆ. ಒಮ್ಮೆ ಅಮ್ಮ, ಇನ್ನೊಮ್ಮೆ ಗೊತ್ತಿಲ್ಲದೆ ಅಪ್ಪ ಕೊಟ್ಟರಂತೂ ಕೇಳುವುದೇ ಬೇಡ. ಕೊಟ್ಟ ಹೊತ್ತನ್ನು ಬಾಟಲಿ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ಅಡುಗೆಮನೆ ಚಮಚದಲ್ಲಿ ಅಳೆಯಬೇಡಿ, ಬಾಟಲಿ ಜೊತೆ ಬರುವ ಅಳತೆ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜು ಬಳಸಿ. ಪ್ಯಾರಸಿಟಮಾಲ್ ಮಿತಿಮೀರಿದರೆ ಲಿವರ್ ಕೆಡುವುದು ಎರಡು ಮೂರು ದಿನದ ಮೇಲೆ ಗೊತ್ತಾಗುತ್ತದೆ. ಇದಕ್ಕೆ ಪ್ರತಿವಿಷ, ಅಂದರೆ ವಿಷದ ಕೆಲಸವನ್ನೇ ತಡೆಯುವ ಮದ್ದು ಇದೆ. ಎಂಟು ಗಂಟೆಯೊಳಗೆ ಸಿಕ್ಕರೆ ಚೆನ್ನಾಗಿ ಕೆಲಸ ಮಾಡುತ್ತದೆ.

4. ದೇವರ ಗೂಡು, ಬಟ್ಟೆ ಬೀರು, ರಿಮೋಟು

ಪೂಜೆಗೆ ಹಚ್ಚುವ ಕರ್ಪೂರ ಕಲ್ಲುಸಕ್ಕರೆಯ ಪಕ್ಕದಲ್ಲೇ ಇರುತ್ತದೆ, ಮಗುವಿನ ಕಣ್ಣಿಗೆ ಎರಡೂ ಒಂದೇ. ಒಂದು ಗ್ರಾಂ ಕರ್ಪೂರವೂ ಪುಟ್ಟ ಮಗುವಿನ ಪ್ರಾಣ ತೆಗೆಯಬಲ್ಲದು. ಅರ್ಧ ಗಂಟೆಯೊಳಗೇ ಫಿಟ್ಸ್ ಬರಬಹುದು, ಅದಕ್ಕೂ ಮುಂಚೆ ಯಾವ ಸೂಚನೆಯೂ ಇಲ್ಲದಿರಬಹುದು. ಆದ್ದರಿಂದ ಕಾದು ನೋಡದೆ ಹೊರಡಿ. ಶೀತವಾದ ಹಸುಗೂಸಿನ ಎದೆಗೆ ಕರ್ಪೂರ ಕಾಯಿಸಿದ ಎಣ್ಣೆ ತಿಕ್ಕುವುದೂ ಸುರಕ್ಷಿತವಲ್ಲ, ಚರ್ಮದ ಮೂಲಕವೂ ಅದು ಒಳಗೆ ಹೋಗುತ್ತದೆ. ನೀಲಗಿರಿ ಎಣ್ಣೆ ಒಂದು ಟೀ ಚಮಚ ಹೊಟ್ಟೆಗೆ ಹೋದರೆ ಮಗು ಮಂಕಾಗಿ ಪ್ರಜ್ಞೆ ತಪ್ಪಬಹುದು.

ನುಸಿಗುಳಿಗೆ ನುಂಗಿದ ಮಗುವಿಗೆ ಹಾಲು, ತುಪ್ಪ, ಎಣ್ಣೆಯ ತಿಂಡಿ ಕೊಡಬೇಡಿ. ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಬೇಗ ರಕ್ತಕ್ಕೆ ಸೇರುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥವರಲ್ಲಿ ಒಂದರಿಂದ ಮೂರು ದಿನದೊಳಗೆ ಕೆಂಪು ರಕ್ತಕಣಗಳು ಒಡೆದು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಕಣ್ಣು ಹಳದಿಯಾಗುತ್ತದೆ. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೆ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕದೆ ಹಸುಗೂಸಿಗೆ ತೊಡಿಸುವುದು ಕೂಡ ಇದೇ ಅಪಾಯ ತರುತ್ತದೆ.

ಜಿರಳೆಗೆ ಗೆರೆ ಎಳೆಯುವ ಚಾಕ್ ಬಳಪದಂತೆಯೇ ಇದೆ. ಸ್ಲೇಟು ಇರುವ ಮನೆಗೆ ತರಬೇಡಿ.

ಎಲೆಅಡಿಕೆಗೆ ಹಚ್ಚುವ ಸುಣ್ಣದ ಪ್ಲಾಸ್ಟಿಕ್ ಡಬ್ಬಿ, ಪೊಟ್ಟಣ ಮಕ್ಕಳ ಕೈಗೆ ಸಿಕ್ಕರೆ ಹಿಸುಕುತ್ತಾರೆ, ಒಡೆದು ನೇರ ಕಣ್ಣಿಗೆ ಚಿಮ್ಮುತ್ತದೆ. ಸುಣ್ಣ ಕಣ್ಣಿನ ಕರಿಗುಡ್ಡೆಯನ್ನು ಸುಟ್ಟು ಶಾಶ್ವತವಾಗಿ ಮಸುಕು ಮಾಡಬಲ್ಲದು. ಆಸ್ಪತ್ರೆಗೆ ಓಡುವ ಮುಂಚೆ ಮನೆಯಲ್ಲೇ ಹರಿಯುವ ನೀರಿನಲ್ಲಿ 20 ನಿಮಿಷ ಕಣ್ಣು ತೊಳೆಯಿರಿ. ರೆಪ್ಪೆ ಬಿಡಿಸಿ, ಒಳಗೆ ಅಂಟಿದ ಸುಣ್ಣದ ತುಣುಕನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯಿರಿ. ನೀರು ಹಾಕುವುದನ್ನು ಮುಂದೂಡಿದ ಒಂದೊಂದು ನಿಮಿಷವೂ ದೃಷ್ಟಿಗೆ ನಷ್ಟ.

ಗುಂಡಿ ಆಕಾರದ ಬ್ಯಾಟರಿಗಳು ಆಟಿಕೆ, ರಿಮೋಟು, ಮಿಣುಕುವ ದೀಪಗಳಲ್ಲಿರುತ್ತವೆ. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಲು ಶುರುವಾಗುತ್ತದೆ. ಬಳಸಿ ಬಿಸಾಡಿದ ಬ್ಯಾಟರಿಯಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದ ಅನುಮಾನ ಬಂದರೂ ಎಕ್ಸ್‌ರೇ ಆಗಲೇಬೇಕು. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಲು ಆಗುತ್ತಿದ್ದರೆ, ಆಸ್ಪತ್ರೆಯ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲಕ್ಕೆ ಮೀರದಂತೆ. ಜೇನು ಹುಡುಕುತ್ತ ಮಾತ್ರ ಮನೆಯಲ್ಲಿ ನಿಲ್ಲಬೇಡಿ.

5. ಇಲಿ ಪಾಷಾಣ, ಕಾಳಿನ ಮಾತ್ರೆ, ಹೊಲದ ಔಷಧ

ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕಾರದ ಗುರುತು ಇರುತ್ತದೆ. ಅದರ ಕೆಳ ಅರ್ಧದ ಬಣ್ಣ ನೋಡಿ: ಕೆಂಪು ಅತಿ ತೀವ್ರ ವಿಷ, ಆಮೇಲೆ ಕ್ರಮವಾಗಿ ಹಳದಿ, ನೀಲಿ, ಹಸಿರು. ಹಸಿರು ಎಂದರೆ ನಿರುಪದ್ರವಿ ಎಂದು ತಿಳಿಯಬೇಡಿ, ಆ ನಾಲ್ಕರಲ್ಲಿ ಕಡಿಮೆ ಎಂದಷ್ಟೇ. ಹೊಡೆದು ಮಿಕ್ಕಿದ ಔಷಧವನ್ನು ಬೇರೆ ಬಾಟಲಿಗೆ ಬಗ್ಗಿಸಿದರೆ ಈ ಗುರುತೂ ಹೋಗುತ್ತದೆ, ವೈದ್ಯರಿಗೆ ತೋರಿಸಲು ಹೆಸರೂ ಇರುವುದಿಲ್ಲ. ಖಾಲಿ ಕ್ಯಾನನ್ನು ನೀರು ತುಂಬಲು ಉಳಿಸಿಕೊಳ್ಳದೆ ಮೂರು ಸಲ ಜಾಲಿಸಿ, ಆ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಹಾಕಿ, ಕ್ಯಾನಿಗೆ ತೂತು ಹೊಡೆಯಿರಿ.

ಉಳಿದ ಔಷಧ ಬೀಗದ ಪೆಟ್ಟಿಗೆಯಲ್ಲಿ, ಮಲಗುವ ಮನೆಯಿಂದ ಹೊರಗೆ ಇರಲಿ. ಬೀಗ ಮಕ್ಕಳಿಗಷ್ಟೇ ಅಲ್ಲ. ಮನೆಯಲ್ಲಿ ಯಾರಾದರೂ ತೀರಾ ನೊಂದಿದ್ದಾಗ, ಕೀಲಿ ಇನ್ನೊಬ್ಬರ ಬಳಿ ಇದ್ದರೆ ಆ ಕೆಟ್ಟ ಗಳಿಗೆ ದಾಟಿಹೋಗಲು ಸಮಯ ಸಿಗುತ್ತದೆ. ಅಂಥ ಮನಸ್ಥಿತಿಯಲ್ಲಿ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.

ಇಲಿಗೆಂದು ವಡೆ, ಬ್ರೆಡ್ಡು, ಕೊಬ್ಬರಿ ಚೂರಿಗೆ ಪಾಷಾಣ ಸವರಿ ಮೂಲೆಯಲ್ಲಿಡುವುದು ಮಕ್ಕಳಿರುವ ಮನೆಯಲ್ಲಿ ಬೇಡ, ಬೋನು ಇಡಿ. ಹಳದಿ ರಂಜಕದ ಪೇಸ್ಟ್ ತಿಂದವರು ಒಂದೆರಡು ದಿನ ಚೆನ್ನಾಗಿಯೇ ಇದ್ದು ಆಮೇಲೆ ಲಿವರ್ ಸೋತು ಕುಸಿಯುತ್ತಾರೆ. ಬಿಲ್ಲೆಯಂಥ ಕೇಕ್ ರೂಪದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುತ್ತದೆ, ರಕ್ತಸ್ರಾವ ಕಾಣುವುದು ಎರಡು ಮೂರು ದಿನದ ಮೇಲೆ. ಇದಕ್ಕೆ ವಿಟಮಿನ್ ಕೆ ಮದ್ದಾಗುತ್ತದೆ. ಚಿಕಿತ್ಸೆ ಒಂದೊಂದಕ್ಕೂ ಬೇರೆ, ಹಾಗಾಗಿ ಪೊಟ್ಟಣ ಎಸೆಯಬೇಡಿ.

ಕಾಳಿಗೆ ಹುಳ ಬೀಳದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಮನೆಯೊಳಗೆ ಬಳಸುವ ವಸ್ತುವೇ ಅಲ್ಲ. ಗಾಳಿಯ ತೇವ ತಾಗಿದರೆ 3 ಗ್ರಾಮಿನ ಒಂದು ಮಾತ್ರೆ 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ರಾಗಿ ಮೂಟೆ ಇಟ್ಟ ಕೋಣೆಯಲ್ಲಿ ಮಲಗಿದವರಿಗೂ, ತಿಗಣೆಗೆಂದು ಇಟ್ಟ ಮನೆಯ ಪಕ್ಕದ ಮನೆಯವರಿಗೂ ಅದು ಮಾರಕವಾಗಬಲ್ಲದು. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬಂದರೆ ಎಲ್ಲರೂ ಹೊರಗೆ ಬನ್ನಿ. ಮಾತ್ರೆಯ ಮೇಲೆ ನೀರು ಸುರಿಯಬೇಡಿ, ಅನಿಲ ಇನ್ನೂ ಜೋರಾಗಿ ಏಳುತ್ತದೆ.

6. ಗ್ಯಾಸ್ ಗೀಸರ್, ಬಾಣಂತಿ ಕೋಣೆಯ ಕೆಂಡ

ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರುವುದಿಲ್ಲ. ಮುಚ್ಚಿದ ಜಾಗದಲ್ಲಿ ಏನೇ ಅರೆಬರೆ ಉರಿದರೂ ಹುಟ್ಟುತ್ತದೆ. ಕಿಟಕಿ ಮುಚ್ಚಿದ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಉರಿಯುತ್ತಿರುವಾಗ ಸ್ನಾನ ಮಾಡುವವರು ತಲೆಸುತ್ತಿ, ಕೂಗಲೂ ಆಗದೆ ಬೀಳುತ್ತಾರೆ. ಒಬ್ಬರಾದ ಮೇಲೊಬ್ಬರು ಸ್ನಾನ ಮಾಡಿದಷ್ಟೂ ಒಳಗಿನ ಗಾಳಿ ಕೆಡುತ್ತ ಹೋಗುತ್ತದೆ. ಗೀಸರನ್ನು ಬಾತ್‌ರೂಮಿನ ಹೊರಗೆ, ಗಾಳಿಯಾಡುವಲ್ಲಿ ಕೂರಿಸಿ ಪೈಪು ಮಾತ್ರ ಒಳಗೆ ತನ್ನಿ. ಈಗಾಗಲೇ ಒಳಗಿದ್ದರೆ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಎಕ್ಸಾಸ್ಟ್ ಫ್ಯಾನನ್ನು ಚಳಿಗೆಂದು ಮುಚ್ಚಬೇಡಿ.

ಬಾಣಂತಿ ಕೋಣೆಯಲ್ಲಿ ಕಿಟಕಿ ಬಾಗಿಲು ಹಾಕಿ ಇದ್ದಿಲ ಕೆಂಡ, ಅಗ್ಗಿಷ್ಟಿಕೆ ಇಡುವುದೂ ಇದೇ ಕಾರಣಕ್ಕೆ ಅಪಾಯ. ಸಾಂಬ್ರಾಣಿ ಹಾಕಲೇಬೇಕು ಎನ್ನುವ ಹಿರಿಯರಿದ್ದರೆ, ಮಗುವೂ ಬಾಣಂತಿಯೂ ಕೋಣೆಯಲ್ಲಿ ಇಲ್ಲದಾಗ ಹಾಕಿ, ಕೆಂಡ ಹೊರಗೊಯ್ದು, ಗಾಳಿಯಾಡಿಸಿದ ಮೇಲೆ ಅವರನ್ನು ಕರೆದುಕೊಂಡು ಬನ್ನಿ.

7. ಅಂಗಳ

ಕಣಗಿಲೆ ಮತ್ತು ಹಳದಿ ಹೂವಿನ ಕಾಡುಕಣಗಿಲೆ ಹೃದಯದ ಬಡಿತ ಕೆಡಿಸುತ್ತವೆ. ಬೇಲಿಯ ಕಾಡುಹರಳಿನ ಬೀಜ ರುಚಿಯಾಗಿರುವುದರಿಂದ ಶಾಲೆ ಮಕ್ಕಳು ಗುಂಪಾಗಿ ತಿಂದು ವಾಂತಿ ಭೇದಿಗೆ ಬೀಳುತ್ತಾರೆ. ಗುಲಗಂಜಿ ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೇ ಹೊರಹೋಗುವುದುಂಟು, ಅಗಿದರೆ ಅಥವಾ ಸರಕ್ಕೆಂದು ತೂತು ಮಾಡಿದ್ದಾದರೆ ಬಹಳ ಅಪಾಯ. ದತ್ತೂರಿ ಕಾಯಿಯನ್ನು ಪೂಜೆಗೆ ತಂದರೆ ಮುಗಿದ ಮೇಲೆ ನೆಲದಲ್ಲಿ ಬಿಡಬೇಡಿ. ಮಳೆಗಾಲದಲ್ಲಿ ಗುರುತಿಲ್ಲದ ಅಣಬೆ ಬೇಡ. ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದು ಎನ್ನುವ ಮಾತು ಸುಳ್ಳು. ಮಾರಕ ಅಣಬೆ ತಿಂದವರಿಗೆ ಆರು ಗಂಟೆ ಕಳೆದ ಮೇಲೆಯೇ ವಾಂತಿ ಶುರುವಾಗುತ್ತದೆ.

8. ನುಂಗಿಯೇಬಿಟ್ಟಿದ್ದರೆ

ಮಗು ಎಚ್ಚರವಾಗಿದೆಯೇ, ಉಸಿರಾಡುತ್ತಿದೆಯೇ ನೋಡಿ. ಮಂಪರಿದ್ದರೆ, ಫಿಟ್ಸ್ ಬಂದಿದ್ದರೆ, ಉಸಿರು ಕಷ್ಟವಾಗಿದ್ದರೆ ಮೊದಲು 108. ಮಂಪರಲ್ಲಿರುವ ಮಗುವನ್ನು ಎಡಮಗ್ಗುಲಾಗಿ ಮಲಗಿಸಿ, ವಾಂತಿ ಬಂದರೆ ಅದು ಉಸಿರಿನ ನಾಳಕ್ಕೆ ಹೋಗದೆ ಹೊರಗೆ ಬರಲಿ. ತಲೆಕೆಳಗಾಗಿ ಹಿಡಿಯಬೇಡಿ.

ಬಾಯಲ್ಲಿ ಉಳಿದಿರುವುದನ್ನು ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಿ ತೆಗೆಯಿರಿ. ಗಂಟಲ ತನಕ ಬೆರಳು ಹಾಕಬೇಡಿ. ಎಚ್ಚರವಿದ್ದರೆ ಬಾಯಿ ಮುಕ್ಕಳಿಸಲಿ. ಉಪ್ಪುನೀರು, ಹುಣಸೆನೀರು, ಸೋಪಿನ ನೀರು, ಸಗಣಿ ನೀರು, ಹಸಿ ಮೊಟ್ಟೆ ಯಾವುದೂ ಬೇಡ. ಉಪ್ಪುನೀರು ರಕ್ತದ ಸೋಡಿಯಂ ಏರಿಸಿ ತಾನೇ ಪ್ರಾಣ ತೆಗೆಯಬಲ್ಲದು. ಹಾಲು ಎಲ್ಲ ವಿಷಕ್ಕೂ ಮದ್ದು ಎನ್ನುವ ನಂಬಿಕೆಯನ್ನೂ ಬಿಡಿ. ಗುಂಡಿ ಬ್ಯಾಟರಿಗೆ 4ನೇ ಹಂತದಲ್ಲಿ ಹೇಳಿದ ಜೇನುತುಪ್ಪ ಬಿಟ್ಟರೆ, ವಿಷ ಮಾಹಿತಿ ಕೇಂದ್ರದವರೋ (1800 116 117) ವೈದ್ಯರೋ ಹೇಳಿದರೆ ಮಾತ್ರ ಏನನ್ನಾದರೂ ಕುಡಿಸಿ.

ಮೈಮೇಲೆ ಕೀಟನಾಶಕ ಬಿದ್ದಿದ್ದರೆ ಬಟ್ಟೆ ಪೂರ್ತಿ ತೆಗೆದು, ತಲೆಯ ಮೇಲಿಂದ ಎಳೆಯುವ ಅಂಗಿಯಾದರೆ ಕತ್ತರಿಸಿ, ಸೋಪು ಹಚ್ಚಿ ಕೂದಲು ಉಗುರು ಸಂದಿ ಸಮೇತ ತೊಳೆಯಿರಿ. ನಿಮ್ಮ ಕೈಗೆ ಗ್ಲೌಸ್ ಅಥವಾ ಪ್ಲಾಸ್ಟಿಕ್ ಕವರ್ ಇರಲಿ. ಜೊಲ್ಲು, ಬೆವರು, ಕಣ್ಣೀರು ಸುರಿಯುತ್ತಿದ್ದು ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಅದು ಕೀಟನಾಶಕದ ಲಕ್ಷಣ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿ. ಕಾಳಿನ ಮಾತ್ರೆ (ಅಲ್ಯೂಮಿನಿಯಂ ಫಾಸ್ಫೈಡ್) ನುಂಗಿದವರನ್ನು ಸಾಗಿಸುವಾಗ ವಾಹನದ ಕಿಟಕಿಗಳೆಲ್ಲ ತೆರೆದಿರಲಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಡಿ.

ಬಾತ್‌ರೂಮಿನಲ್ಲಿ ಬಿದ್ದವರಾದರೆ ಬಾಗಿಲು ಕಿಟಕಿ ತೆರೆದು, ಗ್ಯಾಸ್ ಆರಿಸಿ, ಬಯಲಿಗೆ ಎಳೆದು ತನ್ನಿ. ಅವರಿಗೆ ಬೇಕಾದ್ದು ಆಮ್ಲಜನಕ. 108ಕ್ಕೆ ಹೇಳುವಾಗಲೇ ಗ್ಯಾಸ್ ಗೀಸರ್ ಎಂದು ಹೇಳಿ.

9. ಆಸ್ಪತ್ರೆಗೆ ಒಯ್ಯಬೇಕಾದ್ದು, ಬಂದ ಮೇಲೆ ನೋಡಬೇಕಾದ್ದು

ಬಾಟಲಿ, ಪೊಟ್ಟಣ, ಮಾತ್ರೆ ಸ್ಟ್ರಿಪ್, ಗಿಡವಾದರೆ ಎಲೆ ಕಾಯಿ ಸಮೇತ ಒಂದು ರೆಂಬೆ. ಸ್ಟ್ರಿಪ್ಪಿನಲ್ಲಿ ಎಷ್ಟಿತ್ತು, ಎಷ್ಟು ಉಳಿದಿದೆ ಎಣಿಸಿ. ಸಂಶಯವಿದ್ದರೆ ಹೆಚ್ಚಿನ ಲೆಕ್ಕವನ್ನೇ ಹೇಳಿ. ಬೈಗುಳದ ಭಯಕ್ಕೆ ಯಾರೂ ಸುಳ್ಳು ಹೇಳದಂತೆ ನೋಡಿಕೊಳ್ಳಿ. ತನ್ನ ಮಾತ್ರೆಯನ್ನು ಮೊಮ್ಮಗು ನುಂಗಿತು ಎನ್ನಲು ಅಂಜುವ ಅಜ್ಜಿಯನ್ನು ಗದರಿದರೆ ಬೇಕಾದ ಮಾಹಿತಿಯೇ ಸಿಗುವುದಿಲ್ಲ. ಇನ್ನೊಂದು ಮಗುವೂ ಜೊತೆಗಿತ್ತೇ ಕೇಳಿ, ಇದ್ದರೆ ಅದನ್ನೂ ಕರೆದೊಯ್ಯಿರಿ.

ಸೀಮೆಎಣ್ಣೆ ಗುಂಪಿನದಾದರೆ ಮನೆಗೆ ಬಂದ ಮೇಲೂ ಒಂದು ದಿನ ಕೆಮ್ಮು, ಜ್ವರ, ಉಸಿರಾಡುವಾಗ ಪಕ್ಕೆ ಒಳಸರಿಯುವುದನ್ನು ಗಮನಿಸಿ. ನುಸಿಗುಳಿಗೆಯಾದರೆ ಮೂರು ದಿನ ಮೂತ್ರದ ಬಣ್ಣ ನೋಡಿ. ಇಲಿ ಪಾಷಾಣವಾದರೆ ಒಸಡಿನ ರಕ್ತ, ಕಪ್ಪು ಮಲ, ಮೈಮೇಲೆ ಕಂದುಗಟ್ಟಿದ ಕಲೆ, ಕಣ್ಣು ಹಳದಿ ಆಗುವುದನ್ನು ನೋಡುತ್ತಿರಿ. ರಕ್ತಪರೀಕ್ಷೆಗೆ ಮತ್ತೆ ಬರಹೇಳಿದ ದಿನ ಮಗು ಲವಲವಿಕೆಯಿಂದಿದ್ದರೂ ತಪ್ಪದೆ ಕರೆದುಕೊಂಡು ಹೋಗಿ.